ಗಣಕಯಂತ್ರದಲ್ಲಿ ಹೊಲದ ನಕ್ಷೆ : ಕಲಿಯುವ ಕ್ರಮವೂ ದೊರೆಯುವ ಉದ್ಯೋಗವೂ

ವ್ಯವಸಾಯಗಾರನಿಗೆ ನಕ್ಷೆಯು ಹೊಸ ಪದಾರ್ಥವಲ್ಲ. ಹಿಂದಿನ ಕಾಲದಲ್ಲಿ ಗ್ರಾಮದ ಶಾನುಭೋಗರ ದಫ್ತರದಲ್ಲಿ ಬಟ್ಟೆಗೆ ಅಂಟಿಸಿದ ಗ್ರಾಮನಕ್ಷೆಯೊಂದು ಇರುತ್ತಿದ್ದಿತು. ಸರ್ವೆ ನಂಬರುಗಳು, ಬಾಂದು ಕಲ್ಲುಗಳು, ಕೆರೆ, ಹಳ್ಳ, ಬಂಡಿದಾರಿ, ಗೋಮಾಳ ಇವೆಲ್ಲವೂ ಅದರಲ್ಲಿ ಗುರುತಿಸಲ್ಪಟ್ಟಿರುತ್ತಿದ್ದವು. ಈ ನಕ್ಷೆಗಳು ಸಾಮಾನ್ಯವಾಗಿ ಒಂದು ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ, ಅಂದರೆ 1ಕ್ಕೆ 7,920ರ ಅಳತೆಯಲ್ಲಿ, ಬರೆಯಲ್ಪಟ್ಟವು. ಆದುದರಿಂದ ನಕ್ಷೆಯ ಒಂದು ಚದರ ಅಂಗುಲವು ನೆಲದ ಮೇಲೆ ಸರಿಯಾಗಿ ಹತ್ತು ಎಕರೆಯಾಗುವುದು. ಅಳೆಯುತ್ತಿದ್ದ ಸರಪಳಿಯ ಉದ್ದ 33 ಅಡಿ. ಅದರ ಒಂದು ಚೌಕವೇ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಈ ಲೆಕ್ಕವನ್ನು ಅಕ್ಷರ ಬಾರದ ರೈತನೂ ಬಾಯಲ್ಲೇ ಹೇಳಬಲ್ಲನು. ಈಗ ಆ ನಕ್ಷೆಯು ದಫ್ತರವನ್ನು ಬಿಟ್ಟು ಗಣಕಯಂತ್ರದೊಳಗೆ ಹೋಗಿ ಕುಳಿತಿದೆ. ಅದನ್ನು ಓದಬಲ್ಲವರೂ ತಿದ್ದಬಲ್ಲವರೂ ಮಾತ್ರ ಗ್ರಾಮಗಳಲ್ಲಿ ಬಹು ವಿರಳವಾಗಿದ್ದಾರೆ.

ಹೀಗೆ ಗಣಕಯಂತ್ರಕ್ಕೆ ಸೇರಿದ ನಕ್ಷೆಗಳನ್ನು ಕೂಡಿಡುವ, ಒಂದರೊಡನೊಂದನ್ನು ಹೋಲಿಸುವ, ಅವುಗಳಿಂದ ಪ್ರಶ್ನೆಗಳಿಗೆ ಉತ್ತರ ಪಡೆಯುವ ಏರ್ಪಾಡಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆಯೆಂದು ಹೆಸರು. ಇಂಗ್ಲಿಷಿನ ಮೊದಲಕ್ಷರಗಳಿಂದ ಇದನ್ನು ಜಿ. ಐ. ಎಸ್. ಎಂದು ಕರೆಯುವುದು ರೂಢಿ. ಇದರ ತತ್ತ್ವವು ಕಷ್ಟವಾದುದಲ್ಲ. ಒಂದೇ ಗ್ರಾಮದ ನಾಲ್ಕು ನಕ್ಷೆಗಳನ್ನು ನಾಲ್ಕು ಎಣ್ಣೆಕಾಗದಗಳ ಮೇಲೆ ಬರೆದುಕೊಂಡಂತೆ ಭಾವಿಸಬಹುದು. ಒಂದರಲ್ಲಿ ಸರ್ವೆ ನಂಬರುಗಳು, ಇನ್ನೊಂದರಲ್ಲಿ ಮಣ್ಣಿನ ಜಾತಿ, ಮತ್ತೊಂದರಲ್ಲಿ ನೆಲದ ಏರುತಗ್ಗು, ನಾಲ್ಕನೆಯದರಲ್ಲಿ ಬಾವಿಗಳೂ ಹಳ್ಳಗಳೂ ಇರಲಿ. ಇವನ್ನು ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಇಟ್ಟು ಬೆಳಕಿಗೆ ಹಿಡಿದರೆ, ಯಾವ ಹೊಲದಲ್ಲಿ ಯಾವ ಮಣ್ಣಿದೆ, ಯಾವ ಕಡೆಗೆ ನೀರು ಹರಿಯುವುದು ಎಂಬುದು ಏಕಕಾಲದಲ್ಲಿ ಕಂಡುಬರುವುದು. ಯಂತ್ರವು ಮಾಡುವ ಕೆಲಸವೂ ಇದೇ. ವಿಶೇಷವೇನೆಂದರೆ, ನಕ್ಷೆಯ ಪ್ರತಿಯೊಂದು ಹೊಲವೂ ಒಂದು ಪಟ್ಟಿಯ ಸಾಲಿಗೆ ಕಟ್ಟಲ್ಪಟ್ಟಿರುತ್ತದೆ. ಆದುದರಿಂದ ಕೆಂಪು ಮಣ್ಣಿದ್ದು, ಇಳಿಜಾರು ನೂರಕ್ಕೆ ಮೂರನ್ನು ಮೀರದೆ, ಹಳ್ಳದಿಂದ 200 ಮೀಟರಿನೊಳಗೆ ಇರುವ ಸರ್ವೆ ನಂಬರುಗಳು ಯಾವುವು ಎಂದು ಕೇಳಿದರೆ ಕ್ಷಣದಲ್ಲಿ ಉತ್ತರ ಬರುವುದು. ಕೇವಲ ಚಿತ್ರದಿಂದ ಇದು ಸಾಧ್ಯವಿಲ್ಲ.

ಈ ವಿದ್ಯೆಯು ಹುಟ್ಟಿದ್ದು ಯುದ್ಧಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಎಂದು ಅನೇಕರು ತಿಳಿದಿರುವುದುಂಟು. ನಿಜವಾಗಿ ಅದಕ್ಕೆ ಕಾರಣವಾದದ್ದು ಸಾಗುವಳಿ ಭೂಮಿಯ ಪ್ರಶ್ನೆಯೇ. ಕೆನಡಾ ದೇಶದ ಒಂದು ವಿಮಾನ ಸಮೀಕ್ಷಾ ಕಂಪನಿಯಲ್ಲಿದ್ದ ರಾಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞನಿಗೆ, 1960ರ ಸುಮಾರಿನಲ್ಲಿ, ಪೂರ್ವ ಆಫ್ರಿಕದಲ್ಲಿ ಮರಗಳ ನೆಡುತೋಪಿಗೆ ತಕ್ಕ ಸ್ಥಳವನ್ನು ಹುಡುಕುವ ಕೆಲಸ ಬಂದಿತು. ನಕ್ಷೆಗಳನ್ನು ಕೈಯಿಂದಲೇ ಒಂದರ ಮೇಲೊಂದು ಇಟ್ಟು ಹೋಲಿಸುವುದಕ್ಕೆ ತಗಲುವ ವೆಚ್ಚವು ವಿಪರೀತವಾದುದರಿಂದ ಆ ಕೆಲಸವು ನಿಂತುಹೋಯಿತು. ಆದರೆ ಗಣಕಯಂತ್ರದಿಂದ ಇದನ್ನು ಏಕೆ ಮಾಡಬಾರದೆಂಬ ಆಲೋಚನೆ ಉಳಿಯಿತು. 1962ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಅವನ ಪಕ್ಕದಲ್ಲಿ ಕುಳಿತಿದ್ದವನು ಲೀ ಪ್ರಾಟ್. ಇಡೀ ದೇಶದ ಭೂಮಿಯು ಯಾವ ಯಾವ ಉಪಯೋಗಕ್ಕೆ ತಕ್ಕುದೆಂಬುದನ್ನು ನಿರ್ಣಯಿಸುವ ಕೆನಡಾ ಸರ್ಕಾರದ ದೊಡ್ಡ ಸಮೀಕ್ಷೆಯ ಭಾರವು ಅವನ ಮೇಲಿದ್ದಿತು. ಈ ಇಬ್ಬರ ಮಾತುಕತೆಯಿಂದಲೇ ಪ್ರಪಂಚದ ಮೊದಲನೆಯ ಭೌಗೋಳಿಕ ಮಾಹಿತಿ ವ್ಯವಸ್ಥೆಯು ರೂಪಗೊಂಡಿತು. ಸಾಗುವಳಿಗೆ ಮಣ್ಣಿನ ಯೋಗ್ಯತೆಯನ್ನು ಏಳು ದರ್ಜೆಗಳಾಗಿ ವಿಂಗಡಿಸಿದ ನಕ್ಷೆಗಳು ಅದರೊಳಗೆ ಸೇರಿದವು.

ಕರ್ನಾಟಕದ ರೈತನಿಗೆ ಇದರಿಂದ ಆಗುವುದೇನು ಎಂದು ಕೇಳಬಹುದು. 2012ರಲ್ಲಿ ಮಂಜೂರಾಗಿ ವಿಶ್ವಬ್ಯಾಂಕಿನ ಸಹಾಯದಿಂದ ನಡೆದ ಸುಜಲ ಮೂರನೆಯ ಹಂತದ ಜಲಾನಯನ ಯೋಜನೆಯಲ್ಲಿ, ಗ್ರಾಮನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು, ಅಲ್ಲಲ್ಲಿ ಗುಂಡಿ ತೋಡಿ ಮಣ್ಣಿನ ಪದರಗಳನ್ನು ಪರೀಕ್ಷಿಸಿ, ಭೂ ಸಂಪನ್ಮೂಲ ಸಮೀಕ್ಷೆ ನಡೆಯಿತು. ಬದು ಎಲ್ಲಿ ಹಾಕಬೇಕು, ಕೃಷಿಹೊಂಡ ಎಲ್ಲಿ ತೋಡಬೇಕು, ಯಾವ ಬೆಳೆಗೆ ಯಾವ ಸರ್ವೆ ನಂಬರು ಯೋಗ್ಯ ಎಂಬ ಸಲಹೆಗಳು ಆ ನಕ್ಷೆಗಳಿಂದ ಹೊರಟವು. ಪ್ರತಿ ಹಂಗಾಮಿನಲ್ಲಿ ನಡೆಯುವ ಬೆಳೆ ಸಮೀಕ್ಷೆಯೂ ಮೊಬೈಲ್ ಫೋನಿನ ನಕ್ಷೆಯ ಮೂಲಕವೇ ಆಗುತ್ತಿದೆ. ಇವೆಲ್ಲಕ್ಕಿಂತಲೂ ಮುಖ್ಯವಾದುದು ಬೆಳೆವಿಮೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮೊದಲು ಬೆಳೆ ಕಟಾವು ಪ್ರಯೋಗಗಳಿಂದಲೇ ಇಳುವರಿಯನ್ನು ನಿರ್ಧರಿಸುತ್ತಿದ್ದರು. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿ ಬೆಳೆಗಳ ವಿಷಯದಲ್ಲಿ, ಕೃತಕ ಉಪಗ್ರಹಗಳ ಚಿತ್ರಗಳೇ ಮೊದಲಾದವುಗಳಿಂದ ಅಂದಾಜು ಮಾಡಿದ ಇಳುವರಿಗೆ ನೂರಕ್ಕೆ 30ರಷ್ಟಾದರೂ ಬೆಲೆ ಕೊಡತಕ್ಕದ್ದೆಂದು ಗೊತ್ತುಮಾಡಲ್ಪಟ್ಟಿತು. ಹೀಗಿರುವಲ್ಲಿ, ನಕ್ಷೆಯ ತಪ್ಪು ಇನ್ನು ಮುಂದೆ ಕೇವಲ ಕಾಗದದ ತಪ್ಪಲ್ಲ; ಅದು ರೈತನ ಕೈಗೆ ಬರಬೇಕಾದ ಹಣಕ್ಕೆ ಸಂಬಂಧಿಸಿದುದು.

ಆ ತಪ್ಪು ಹೇಗೆ ಬರುವುದೆಂಬುದನ್ನು ಸ್ವಲ್ಪ ವಿಶದವಾಗಿ ನೋಡುವುದು ಒಳ್ಳೆಯದು. ಉಪಗ್ರಹದ ಚಿತ್ರವು ಚಿಕ್ಕ ಚಿಕ್ಕ ಚೌಕಗಳಿಂದಾದುದು; ಒಂದು ಚೌಕದೊಳಗಿರುವುದೆಲ್ಲವೂ ಬೆರೆತು ಒಂದೇ ಬಣ್ಣವಾಗಿ ಕಾಣುವುದು. ಯೂರೋಪಿನವರು 2015ರಿಂದ ಹಾರಿಸಿರುವ ಸೆಂಟಿನೆಲ್–2 ಉಪಗ್ರಹಗಳ ಚೌಕವು ನೆಲದ ಮೇಲೆ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ. ಅಂದರೆ 100 ಚದರ ಮೀಟರು. ಒಂದು ಗುಂಟೆಯು 101 ಚದರ ಮೀಟರು. ಆದುದರಿಂದ ಈ ಉಪಗ್ರಹಕ್ಕೆ ಗುಂಟೆಯೊಂದು ಒಂದೇ ಚುಕ್ಕೆ ಎಂದು ರೈತರ ಮಕ್ಕಳು ಜ್ಞಾಪಕದಲ್ಲಿಟ್ಟುಕೊಂಡರೆ ಸಾಕು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರದ ಚೌಕವು 30 ಮೀಟರಿನದು; ಅದರ ಒಂದು ಚುಕ್ಕೆಗೆ ಸುಮಾರು ಒಂಬತ್ತು ಗುಂಟೆ. ಅರ್ಧ ಎಕರೆಯ ಹಿಡುವಳಿಯು ಅದರಲ್ಲಿ ಎರಡೇ ಚುಕ್ಕೆ. ಅವೂ ನೆರೆಯವನ ಹೊಲದೊಡನೆ ಬೆರೆತಿರುವುವು. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್–4 ಎಂಬ ಯಂತ್ರದ ಚೌಕವು 5.8 ಮೀಟರಿನದಾದುದರಿಂದ ಗುಂಟೆಗೆ ಮೂರು ಚುಕ್ಕೆಗಳು ದೊರೆಯುವುವು.

ಹಸುರೆಲೆಯು ಸೂರ್ಯನ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಈ ಎರಡರ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿಯೇ ಹಸುರಿನ ಸೂಚ್ಯಂಕ. ಪೈರು ದಟ್ಟವಾಗಿದ್ದರೆ ಅದು ಒಂದರ ಸಮೀಪಕ್ಕೆ ಏರುವುದು. ಬರಿಯ ನೆಲದಲ್ಲಿ ಸೊನ್ನೆಯ ಹತ್ತಿರ ನಿಲ್ಲುವುದು. ಇದು ಉಪಯುಕ್ತವಾದ ಅಳತೆಯೇ. ಆದರೆ ಮಳೆ ಬಿದ್ದ ಮೇಲೆ ಬೀಳುಭೂಮಿಯಲ್ಲಿ ಎದ್ದ ಕಳೆಯೂ ಹಸುರು, ಬೇಲಿಯ ಲಂಟಾನವೂ ಹಸುರು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆಯನ್ನೂ ತೊಗರಿಯನ್ನೂ ಜೋಳವನ್ನೂ ಹಾಕುವ ಪದ್ಧತಿಯು ಆಕಾಶದಲ್ಲಿರುವ ಯಂತ್ರಕ್ಕೆ ತಿಳಿಯದು. ಅದನ್ನು ಪಟ್ಟಣದಲ್ಲಿ ಕುಳಿತು ಚಿತ್ರವನ್ನು ಓದುವವನೂ ಅರಿಯದಿದ್ದರೆ, ರಾಗಿಯು ಕೈಕೊಟ್ಟು ತೊಗರಿ ಮಾತ್ರ ನಿಂತಿರುವ ಹೊಲವನ್ನು ಹುಲುಸಾದ ರಾಗಿಯ ಹೊಲವೆಂದೇ ಬರೆದುಬಿಡುವನು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡವಿಲ್ಲದ ಚಿತ್ರ ದೊರೆಯುವುದೇ ಕಷ್ಟ. ಅಂಥ ಕಾಲದಲ್ಲಿ ಮೋಡವನ್ನು ಭೇದಿಸುವ ರೇಡಾರ್ ಉಪಗ್ರಹಗಳು ಬೇಕಾಗುವುವು. ಭಾರತವು 2012ರಲ್ಲಿ ಹಾರಿಸಿದ ರಿಸ್ಯಾಟ್–1 ಈ ಜಾತಿಯದು. 2025ರ ಜುಲೈ 30ರಂದು ಅಮೆರಿಕದವರೊಡನೆ ಕೂಡಿ ಹಾರಿಸಿದ ನಿಸಾರ್ ಸಹ ಇದೇ ಜಾತಿಗೆ ಸೇರಿದುದು. ರೇಡಾರ್ ಚಿತ್ರಗಳನ್ನು ಓದುವುದು ಮಾತ್ರ ಹೆಚ್ಚು ಅಭ್ಯಾಸವನ್ನು ಬೇಡುವುದು.

ಆದುದರಿಂದ ನೆಲವನ್ನು ತಿಳಿದವರು ಈ ವಿದ್ಯೆಗೆ ಬರುವುದು ಅಗತ್ಯ. ಪಟ್ಟಣದ ವಿದ್ಯಾರ್ಥಿಯು ಗಣಕಯಂತ್ರವನ್ನು ಬೇಗ ಕಲಿಯುವನು, ನಿಜ. ಆದರೆ ಮರಳುಮಿಶ್ರಿತ ಕೆಂಪು ಮಣ್ಣಿಗೂ ಎರೆಮಣ್ಣಿಗೂ ಇರುವ ಭೇದವನ್ನು ಅವನಿಗೆ ಪುಸ್ತಕದಿಂದ ಹೇಳಿಕೊಡಬೇಕು. ರೈತನ ಮಗನಿಗೋ ಮಗಳಿಗೋ ಅದು ಕಾಲಿನ ಕೆಳಗಿನ ಜ್ಞಾನ. ಯಂತ್ರವನ್ನು ಕಲಿಯುವುದಕ್ಕೆ ಆರು ತಿಂಗಳ ಶ್ರದ್ಧೆ ಸಾಕು. ನೆಲವನ್ನು ತಿಳಿಯಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು.

ಕಲಿಯುವ ಕ್ರಮ.—ಇದಕ್ಕೆ ಬೇಕಾದ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. 2002ರಲ್ಲಿ ಗ್ಯಾರಿ ಶರ್ಮನ್ ಎಂಬಾತನು ಆರಂಭಿಸಿ, ಈಗ ಅನೇಕ ದೇಶಗಳ ಸ್ವಯಂಸೇವಕರು ಬೆಳೆಸುತ್ತಿರುವ ಕ್ಯೂಜಿಐಎಸ್ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುವುದು. ಅದರೊಡನೆ ಅದರ ಕೈಪಿಡಿಯೂ ಅಭ್ಯಾಸಪಾಠಗಳೂ ಉಚಿತವಾಗಿಯೇ ಸಿಕ್ಕುವುವು. ಎಂಟು ಜಿ. ಬಿ. ರ‍್ಯಾಮ್ ಇರುವ ಸಾಧಾರಣ ಗಣಕಯಂತ್ರವು ಒಂದು ಗ್ರಾಮದ ಕೆಲಸಕ್ಕೆ ಸಾಕು. ಕಂಪನಿಗಳಲ್ಲಿಯೂ ಕೆಲವು ಸರ್ಕಾರಿ ಕಚೇರಿಗಳಲ್ಲಿಯೂ ಎಸ್ರಿ ಕಂಪನಿಯ ಆರ್ಕ್‌ಜಿಐಎಸ್ ಬಳಕೆಯಲ್ಲಿದೆ. ಅದರ ಬೆಲೆ ಹೆಚ್ಚು. ಒಂದನ್ನು ಚೆನ್ನಾಗಿ ಕಲಿತವನಿಗೆ ಇನ್ನೊಂದು ಕೆಲವು ವಾರಗಳಲ್ಲಿ ಕೈವಶವಾಗುವುದರಿಂದ, ಕಲಿಯುವ ಕಾಲದಲ್ಲಿ ಆ ವೆಚ್ಚಕ್ಕೆ ಕೈಹಾಕುವುದು ಅನಾವಶ್ಯಕ.

ಮೊದಲ ಪಾಠವನ್ನು ತನ್ನ ಗ್ರಾಮದಿಂದಲೇ ಆರಂಭಿಸತಕ್ಕದ್ದು. ಕಂದಾಯ ಗ್ರಾಮನಕ್ಷೆಗಳು ಭೂಮಾಪನ ಇಲಾಖೆಯ ಅಂತರಜಾಲ ತಾಣದಲ್ಲಿ ದೊರೆಯುವುವು. ಅಂಥದೊಂದನ್ನು ಇಳಿಸಿಕೊಂಡು, ಅದರಲ್ಲಿ ಸ್ಪಷ್ಟವಾಗಿ ಗುರುತಾಗಿರುವ ಬಾಂದು ಕಲ್ಲುಗಳು, ಕೆರೆಯ ತೂಬು, ದಾರಿಗಳು ಕೂಡುವ ಸ್ಥಳ ಮೊದಲಾದ ಏಳೆಂಟು ಬಿಂದುಗಳನ್ನು ಆರಿಸಿ, ಅದೇ ಬಿಂದುಗಳನ್ನು ಉಪಗ್ರಹ ಚಿತ್ರದಲ್ಲಿಯೂ ಕಂಡುಹಿಡಿದು, ಎರಡನ್ನೂ ಕೂಡಿಸಬೇಕು. ಬಿಂದುಗಳು ಗ್ರಾಮದ ನಾಲ್ಕು ಕಡೆಗೂ ಹರಡಿರಬೇಕೇ ಹೊರತು ಒಂದೇ ಮೂಲೆಯಲ್ಲಿ ಗುಂಪಾಗಿರಬಾರದು. ಬಳಿಕ ಸರ್ವೆ ನಂಬರುಗಳ ಗಡಿಗಳನ್ನು ಒಂದೊಂದಾಗಿ ಗೆರೆ ಎಳೆದು ವಿಸ್ತೀರ್ಣವನ್ನು ಲೆಕ್ಕ ಹಾಕಿ, ಪಹಣಿಯ ವಿಸ್ತೀರ್ಣದೊಡನೆ ಹೋಲಿಸಬೇಕು. ಮೊದಲ ಸಲ ಎರಡೂ ಸರಿಹೋಗುವುದಿಲ್ಲ. ಕಾಗದವು ಹಿಗ್ಗಿ ಕುಗ್ಗಿರುವುದು, ಖರಾಬು ಸೇರಿದೆಯೋ ಇಲ್ಲವೋ ಎಂಬ ಗೊಂದಲ, ಬಿಂದುಗಳ ತಪ್ಪು ಹೊಂದಿಕೆ ಇವೆಲ್ಲವೂ ಕಾರಣಗಳಾಗಿರುವುವು. ಯಾವ ಕಾರಣದಿಂದ ಎಷ್ಟು ವ್ಯತ್ಯಾಸ ಬಂದಿತೆಂದು ಹುಡುಕುವಷ್ಟರಲ್ಲಿ ವಿದ್ಯಾರ್ಥಿಗೆ ಅರ್ಧ ವಿದ್ಯೆ ಬಂದಿರುವುದು.

ಹೊಸಬರು ಹೆಚ್ಚಾಗಿ ಎಡವುವುದು ಭೂಮಿಯ ಗುಂಡುತನವನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಷಯದಲ್ಲಿ. ಅಕ್ಷಾಂಶ ರೇಖಾಂಶಗಳ ಡಿಗ್ರಿಗಳಲ್ಲಿಯೇ ಬಿಟ್ಟು ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಅರ್ಥವಿಲ್ಲದ ಅಂಕಿಗಳು ಬರುವುವು. ನಕ್ಷೆಯನ್ನು ಮೀಟರುಗಳ ಪದ್ಧತಿಗೆ ತರಬೇಕು. ಇದಕ್ಕಾಗಿ ಪ್ರಪಂಚವನ್ನು ಆರಾರು ಡಿಗ್ರಿಯ ವಲಯಗಳಾಗಿ ವಿಂಗಡಿಸಿದ್ದಾರೆ. ಕರ್ನಾಟಕದ ಬಹುಭಾಗವು 43ನೆಯ ಉತ್ತರ ವಲಯಕ್ಕೆ ಸೇರಿದೆ. ಆದರೆ 78 ಡಿಗ್ರಿ ಪೂರ್ವ ರೇಖಾಂಶವನ್ನು ದಾಟಿದ ಕೋಲಾರ, ಮುಳಬಾಗಿಲು ಕಡೆಯ ನೆಲವು 44ನೆಯ ವಲಯದ್ದು. ಬೆಂಗಳೂರಿನಲ್ಲಿ ಕಲಿತ ವಲಯವನ್ನೇ ಕೋಲಾರಕ್ಕೂ ಹಾಕಿ, ಕೊಟ್ಟಿರುವ ಅಂಕಿಗಳೊಡನೆ ಏಕೆ ಹೊಂದುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವವರು ಕಡಿಮೆಯಿಲ್ಲ. ಇನ್ನೊಂದು ತೊಡಕು ಹಳೆಯ ನಕ್ಷೆಗಳದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳು 1830ರ ಎವರೆಸ್ಟ್ ಗೋಳಮಾನವನ್ನು ಅನುಸರಿಸಿದವು, ಫೋನಿನಲ್ಲಿರುವ ಜಿ. ಪಿ. ಎಸ್. 1984ರ ಜಾಗತಿಕ ಮಾನವನ್ನು ಅನುಸರಿಸುತ್ತದೆ. ಈ ಭೇದವನ್ನು ಮರೆತರೆ ಕರ್ನಾಟಕದಲ್ಲಿ ಬಿಂದುವು ನೂರು ಮೀಟರಿಗಿಂತಲೂ ಹೆಚ್ಚು ದೂರ ಸರಿಯುವುದು. ಅಂದರೆ ಬಾವಿಯು ಪಕ್ಕದವನ ಜಮೀನಿಗೆ ಹೋಗಿ ಕುಳಿತುಕೊಳ್ಳುವುದು.

ಕನ್ನಡದಲ್ಲಿ ಪಟ್ಟಿ ಬರೆಯುವವರಿಗೆ ಒಂದು ಮಾತು. ಶೇಪ್‌ಫೈಲ್ ಎಂಬ ಹಳೆಯ ಕಡತದ ಬಗೆಯಲ್ಲಿ ಕಲಮಿನ ಹೆಸರಿಗೆ ಹತ್ತು ಬೈಟುಗಳಷ್ಟೇ ಸ್ಥಳವಿರುತ್ತದೆ. ಕನ್ನಡದ ಒಂದೊಂದು ಅಕ್ಷರಸಂಕೇತವೂ ಮೂರು ಬೈಟುಗಳನ್ನು ತಿನ್ನುವುದರಿಂದ ‘ಮಣ್ಣು’ ಎಂಬ ಚಿಕ್ಕ ಹೆಸರು ಸಹ ಅದರಲ್ಲಿ ಹಿಡಿಸುವುದಿಲ್ಲ. ಆದುದರಿಂದ ಜಿಯೋಪ್ಯಾಕೇಜ್ ಎಂಬ ಹೊಸ ಬಗೆಯನ್ನೇ ಉಪಯೋಗಿಸುವುದು ಮೇಲು. ಅದರಲ್ಲಿ ಕನ್ನಡದ ಹೆಸರುಗಳು ಕೆಡದೆ ಉಳಿಯುವುವು.

ಇಷ್ಟಾದ ಮೇಲೆ ಹೊಲಕ್ಕೆ ನಡೆಯಬೇಕು. ಕ್ಯೂಫೀಲ್ಡ್ ಎಂಬ ಉಚಿತ ತಂತ್ರಾಂಶದಿಂದ ನಕ್ಷೆಯನ್ನು ಫೋನಿಗೆ ತೆಗೆದುಕೊಂಡು ಹೋಗಿ, ನಿಂತ ಸ್ಥಳದಲ್ಲಿಯೇ ಬೆಳೆ, ಮಣ್ಣು, ಬಾವಿಯ ಆಳ ಇವನ್ನು ಬರೆದುಕೊಳ್ಳಬಹುದು. ಬಯಲಿನಲ್ಲಿ ಫೋನಿನ ಜಿ. ಪಿ. ಎಸ್. ಕೆಲವು ಮೀಟರುಗಳವರೆಗೆ ತಪ್ಪುವುದು. ಅಡಕೆತೋಟದ ನೆರಳಿನಲ್ಲಿ ಇನ್ನೂ ಹೆಚ್ಚು. ಗುಂಟೆಯ ಅಗಲವೇ ಹತ್ತು ಮೀಟರಾಗಿರುವಾಗ, ಇಂಥ ಅಳತೆಯಿಂದ ಬದುವಿನ ಜಗಳವನ್ನು ತೀರ್ಮಾನಿಸಲು ಹೊರಡುವುದು ಅಪಾಯಕರ. ಕಲಿಯುವವನು ಬರೆದ ನಕ್ಷೆಗೆ ಕಾನೂನಿನ ಬಲವಿಲ್ಲವೆಂಬುದನ್ನು ಅವನೂ ಅವನ ನೆರೆಹೊರೆಯವರೂ ಸ್ಪಷ್ಟವಾಗಿ ತಿಳಿದಿರಬೇಕು. ಹದ್ದುಬಸ್ತು ಮಾಡುವ ಅಧಿಕಾರ ಭೂಮಾಪನ ಇಲಾಖೆಯದು. ಆ ಇಲಾಖೆಯವರು ಈಗ ಶಾಶ್ವತ ನಿಲ್ದಾಣಗಳಿಂದ ಬರುವ ಸಂಕೇತಗಳ ಸಹಾಯದಿಂದ ಸೆಂಟಿಮೀಟರುಗಳಷ್ಟು ನಿಖರವಾಗಿ ಅಳೆಯುವ ರೋವರ್ ಯಂತ್ರಗಳನ್ನು ಉಪಯೋಗಿಸುತ್ತಿದ್ದಾರೆ.

ಚಿತ್ರಗಳಿಗೂ ಹಣ ಕೊಡಬೇಕಾಗಿಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಸೆಂಟಿನೆಲ್ ಚಿತ್ರಗಳೂ ಹಾಗೆಯೇ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2009ರಲ್ಲಿ ತೆರೆದ ಭುವನ್ ತಾಣದಲ್ಲಿ ದೇಶದ ಭೂಬಳಕೆ, ಬಂಜರು ಮೊದಲಾದ ನಕ್ಷೆಗಳನ್ನು ನೋಡಬಹುದು. ರಾಜ್ಯದ ವಿಷಯದಲ್ಲಿ, 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಕೆ–ಜಿಐಎಸ್ ಎಂಬ ಹೆಸರಿನಲ್ಲಿ ಗ್ರಾಮಗಡಿ, ಕೆರೆ, ರಸ್ತೆ ಮುಂತಾದ ಪದರಗಳನ್ನು ಒಂದೆಡೆ ಕೂಡಿಸಿದೆ. ಅದೇ ಕೇಂದ್ರವು ರೂಪಿಸಿದ ದಿಶಾಂಕ್ ಎಂಬ ಫೋನಿನ ತಂತ್ರಾಂಶವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುವುದರಿಂದ ಅನೇಕ ರೈತರಿಗೆ ಈಗಾಗಲೇ ಪರಿಚಿತವಾಗಿದೆ.

ವಿದ್ಯಾಸಂಸ್ಥೆಗಳು.—ಗುರುಮುಖದಿಂದ ಕಲಿಯಬೇಕೆನ್ನುವವರಿಗೆ ಮೊದಲು ಹೇಳತಕ್ಕದ್ದು ಡೆಹರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ. ಇದು 1966ರಲ್ಲಿ ನೆದರ್ಲೆಂಡ್ಸ್ ದೇಶದವರ ಸಹಕಾರದಿಂದ, ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವುದನ್ನು ಕಲಿಸುವ ಶಾಲೆಯಾಗಿ ಆರಂಭವಾಯಿತು. ಇಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮತ್ತು ಎಂ. ಟೆಕ್. ತರಗತಿಗಳಿವೆ, ವ್ಯವಸಾಯ ಮತ್ತು ಮಣ್ಣಿನ ವಿಷಯಕ್ಕೇ ಪ್ರತ್ಯೇಕ ಶಾಖೆಯೂ ಇದೆ. ಅಷ್ಟು ದೂರ ಹೋಗಲಾರದವರಿಗಾಗಿ ಸಂಸ್ಥೆಯವರು 2007ರಿಂದ ದೂರಶಿಕ್ಷಣದ ಪಾಠಗಳನ್ನು ನಡೆಸುತ್ತಿದ್ದಾರೆ. ಅವಕ್ಕೆ ಶುಲ್ಕವಿಲ್ಲ, ಕ್ರಮವಾಗಿ ಹಾಜರಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪ್ರಮಾಣಪತ್ರವುಂಟು. ವ್ಯವಸಾಯ ಕಾಲೇಜಿನ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಪ್ರವೇಶದ್ವಾರ ಬೇರೊಂದಿಲ್ಲ. ತಾಂತ್ರಿಕ ಮಹಾವಿದ್ಯಾಲಯಗಳಾದ ಐ. ಐ. ಟಿ.ಗಳ ಅಧ್ಯಾಪಕರು ಎನ್‌ಪಿಟಿಇಎಲ್ ಮೂಲಕ ಕೊಡುವ ಪಾಠಗಳೂ ಉಚಿತ. ಪರೀಕ್ಷೆಗೆ ಮಾತ್ರ ಅಲ್ಪ ಶುಲ್ಕ.

ಎಂಜಿನಿಯರಿಂಗ್ ಪದವೀಧರರು ಗೇಟ್ ಪರೀಕ್ಷೆಯಲ್ಲಿ 2022ರಿಂದ ಸೇರಿರುವ ಜಿಯೋಮ್ಯಾಟಿಕ್ಸ್ ಪತ್ರಿಕೆಯನ್ನು ಬರೆದು, ಐ. ಐ. ಟಿ.ಗಳಿಗೆ ಪ್ರಯತ್ನಿಸಬಹುದು. ಬೊಂಬಾಯಿಯ ಐ. ಐ. ಟಿ.ಯಲ್ಲಿಯೂ ರೂರ್ಕಿಯಲ್ಲಿಯೂ ಮದರಾಸಿನ ಅಣ್ಣಾ ವಿಶ್ವವಿದ್ಯಾನಿಲಯದಲ್ಲಿಯೂ ಈ ವಿದ್ಯೆಗೆ ಹಳೆಯ ಪರಂಪರೆಯಿದೆ. ಹೈದರಾಬಾದಿನ ಉಪ್ಪಲ್‌ನಲ್ಲಿ ಸರ್ವೇಕ್ಷಣಾ ಇಲಾಖೆಯವರ ಶಿಕ್ಷಣ ಸಂಸ್ಥೆಯಿದೆ. ರಾಜ್ಯದೊಳಗೆ ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾನಿಲಯಗಳ ಮಣ್ಣು ವಿಜ್ಞಾನ ಮತ್ತು ಕೃಷಿ ಎಂಜಿನಿಯರಿಂಗ್ ವಿಭಾಗಗಳಲ್ಲಿ, ಎಂ. ಎಸ್‌ಸಿ. ಮತ್ತು ಎಂ. ಟೆಕ್. ಪ್ರಬಂಧಕ್ಕೆ ಈ ವಿಷಯವನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಮಂಡಲಿಯ ಪ್ರಾದೇಶಿಕ ಕೇಂದ್ರವಿರುವುದು ಅಲ್ಲಿಯ ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. ಕಾಲೇಜಿಗೆ ಹೋಗಲಾರದವರಿಗೆ ಐ. ಟಿ. ಐ.ಯ ಭೂಮಾಪಕ ವೃತ್ತಿ ಶಿಕ್ಷಣವೂ ಪಾಲಿಟೆಕ್ನಿಕ್ಕಿನ ಸಿವಿಲ್ ಡಿಪ್ಲೊಮಾವೂ ಇವೆ. ಇವನ್ನು ಕಡಿಮೆಯೆಂದು ಭಾವಿಸತಕ್ಕದ್ದಲ್ಲ. ಅಳತೆಯನ್ನು ಕೈಯಿಂದ ಮಾಡಿದವನು ಯಂತ್ರದ ಅಂಕಿಯನ್ನು ಕಣ್ಣು ಮುಚ್ಚಿ ನಂಬುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೂರು ತಿಂಗಳಲ್ಲಿ ಕಲಿಸಿ ಉದ್ಯೋಗವನ್ನೂ ಕೊಡಿಸುವೆವೆಂದು ಜಾಹೀರಾತು ಕೊಟ್ಟು, ಸಾವಿರಾರು ರೂಪಾಯಿ ಶುಲ್ಕ ಪಡೆದು, ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನಷ್ಟೇ ತೋರಿಸಿ ಕಳುಹಿಸುವ ಖಾಸಗಿ ತರಗತಿಗಳುಂಟು. ಸಾಲ ಮಾಡಿ ಮಕ್ಕಳನ್ನು ಇಂಥ ಕಡೆಗೆ ಕಳುಹಿಸುವುದಕ್ಕೆ ಮೊದಲು ರೈತರು ವಿಚಾರಿಸಿಕೊಳ್ಳಬೇಕು. ಹೊಲದಲ್ಲಿ ಅಳತೆಯ ಅಭ್ಯಾಸ ಮಾಡಿಸುವರೇ? ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲಿನಿಂದ ಕೊನೆಯವರೆಗೆ ತಾನೇ ಒಂದು ನಕ್ಷೆಯನ್ನು ಮಾಡಿ ಮುಗಿಸುವನೇ? ಹಿಂದಿನ ವರ್ಷ ಕಲಿತವರು ಈಗ ಎಲ್ಲಿದ್ದಾರೆ? ಈ ಮೂರಕ್ಕೆ ನೇರವಾದ ಉತ್ತರ ಬರದಿದ್ದರೆ ಆ ಹಣವನ್ನು ಒಂದು ಗಣಕಯಂತ್ರಕ್ಕೆ ಹಾಕುವುದೇ ಲೇಸು; ಉಚಿತವಾದ ಪಾಠಗಳು ಹೇಗೂ ಇವೆ.

ಉದ್ಯೋಗ.—2021ರ ಫೆಬ್ರವರಿ 15ರವರೆಗೆ ದೇಶದಲ್ಲಿ ನಕ್ಷೆ ಮಾಡುವುದಕ್ಕೂ ಪ್ರಕಟಿಸುವುದಕ್ಕೂ ಅನೇಕ ಪೂರ್ವಾನುಮತಿಗಳು ಬೇಕಾಗಿದ್ದವು. ಆ ದಿನ ಹೊರಟ ಮಾರ್ಗಸೂಚಿಯಿಂದ ಭಾರತೀಯರಿಗೂ ಭಾರತೀಯ ಕಂಪನಿಗಳಿಗೂ ಆ ನಿರ್ಬಂಧಗಳು ಬಹುಮಟ್ಟಿಗೆ ಸಡಿಲವಾದವು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವ್ಯೋಮ ನೀತಿಯೂ ಪ್ರಕಟವಾಯಿತು. ವಿಮಾ ಕಂಪನಿಗಳು, ಬ್ಯಾಂಕುಗಳು, ಬೀಜದ ಕಂಪನಿಗಳು, ಬೆಂಗಳೂರಿನ ಹೊಸ ಕೃಷಿತಂತ್ರಜ್ಞಾನ ಸಂಸ್ಥೆಗಳು ಈಗ ಬೆಳೆಯ ನಕ್ಷೆಗಳನ್ನು ಬಲ್ಲವರನ್ನು ಹುಡುಕುತ್ತಿವೆ. ಸರ್ಕಾರದಲ್ಲಿ ಜಲಾನಯನ, ನೀರಾವರಿ, ಅಂತರ್ಜಲ, ಅರಣ್ಯ, ಭೂಮಾಪನ ಇಲಾಖೆಗಳಿಗೂ ದೂರಸಂವೇದಿ ಕೇಂದ್ರಗಳಿಗೂ ಇಂಥವರು ಬೇಕು. ಇಲ್ಲಿಯ ಕೆಲಸಗಳಲ್ಲಿ ಅನೇಕವು ಯೋಜನೆಯ ಅವಧಿಗೆ ಸೀಮಿತವಾದ ಗುತ್ತಿಗೆಯ ಕೆಲಸಗಳೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯುವುದು.

ಮೊದಲ ಕೆಲಸವು ಸಾಮಾನ್ಯವಾಗಿ ಬೇಸರ ತರುವಂಥದು. ದಿನವೆಲ್ಲ ಕುಳಿತು ಗಡಿಗಳ ಮೇಲೆ ಗೆರೆ ಎಳೆಯುವುದು, ಪಟ್ಟಿಗಳಲ್ಲಿ ತಪ್ಪು ಹುಡುಕುವುದು, ಸಂಬಳವೂ ಅಲ್ಪ. ಈ ಗೆರೆ ಎಳೆಯುವ ಕೆಲಸವನ್ನು ಯಂತ್ರಗಳೇ ಈಗ ಹೆಚ್ಚು ಹೆಚ್ಚಾಗಿ ಮಾಡತೊಡಗಿರುವುದರಿಂದ, ಅದರಲ್ಲಿಯೇ ನಿಂತವರ ಭವಿಷ್ಯವು ಭದ್ರವಲ್ಲ. ಮೇಲಕ್ಕೆ ಏರಿದವರನ್ನು ನೋಡಿದರೆ ಅವರು ಮೂರರಲ್ಲಿ ಒಂದನ್ನಾದರೂ ಆಳವಾಗಿ ಕಲಿತಿರುವುದು ಕಂಡುಬರುತ್ತದೆ. ಪೈಥಾನ್ ಭಾಷೆಯಲ್ಲಿ ಯಂತ್ರಕ್ಕೆ ಆದೇಶ ಬರೆಯುವುದು ಒಂದು. ಪೋಸ್ಟ್‌ಜಿಐಎಸ್‌ನಂಥ ದೊಡ್ಡ ದತ್ತಸಂಚಯಗಳನ್ನು ನಿರ್ವಹಿಸುವುದು ಎರಡು. ಮಣ್ಣು, ನೀರು, ಬೆಳೆ ಇವುಗಳಲ್ಲಿ ಯಾವುದಾದರೊಂದರ ಶಾಸ್ತ್ರಜ್ಞಾನ ಮೂರನೆಯದು. ವ್ಯವಸಾಯ ಪದವೀಧರನಿಗೆ ಈ ಮೂರನೆಯದು ಮೊದಲೇ ಇರುವುದರಿಂದ, ಅವನು ಪೈಥಾನಿಗೆ ಒಂದು ವರ್ಷ ಕೊಟ್ಟರೆ ಬರಿಯ ಗಣಕಯಂತ್ರದ ಪದವೀಧರನಿಗಿಂತ ಮುಂದೆ ಹೋಗುವ ಸಂಭವವಿದೆ. ಅಂಕಿಅಂಶ ಶಾಸ್ತ್ರದ ಅಲ್ಪ ಪರಿಚಯವೂ ಬೇಕು. ನೂರು ಹೊಲಗಳನ್ನು ನಡೆದು ನೋಡಿ, ನಕ್ಷೆಯು ಎಷ್ಟರಲ್ಲಿ ಸರಿ, ಎಷ್ಟರಲ್ಲಿ ತಪ್ಪು ಎಂದು ಅಂಕಿಗಳಿಂದ ಹೇಳಲಾರದವನ ನಕ್ಷೆಯನ್ನು ಯಾವ ವಿಮಾ ಕಂಪನಿಯೂ ಒಪ್ಪುವುದಿಲ್ಲ, ರೈತನೂ ಒಪ್ಪಬೇಕಾಗಿಲ್ಲ.

ಊರಿನಲ್ಲಿಯೇ ಇರಬಯಸುವವರಿಗೂ ದಾರಿಯಿಲ್ಲದಿಲ್ಲ. ಪರವಾನಗಿ ಪಡೆದ ಭೂಮಾಪಕರು ಪೋಡಿ, ಹನ್ನೊಂದು ಇ ನಕ್ಷೆ ಮೊದಲಾದ ಕೆಲಸಗಳಿಂದ ಸಂಪಾದಿಸುತ್ತಾರೆ. ಬೆಳೆ ಸಮೀಕ್ಷೆಗೆ ಗ್ರಾಮದ ಯುವಕ ಯುವತಿಯರೇ ಖಾಸಗಿ ನಿವಾಸಿಗಳೆಂಬ ಹೆಸರಿನಿಂದ ನೇಮಕವಾಗುವುದುಂಟು. ಇದು ಹಂಗಾಮಿನ ಕೆಲಸವೇ ಆದರೂ, ಅದರಲ್ಲಿ ಸಿಕ್ಕುವ ಹೊಲದ ಅನುಭವವು ಮುಂದಿನ ಅರ್ಜಿಗೆ ಒಳ್ಳೆಯ ಬಲ. ಡ್ರೋನ್ ಹಾರಿಸುವುದಕ್ಕೆ 2021ರ ನಿಯಮಗಳ ಮೇರೆಗೆ ಹದಿನೆಂಟು ವರ್ಷ ತುಂಬಿ ಹತ್ತನೆಯ ತರಗತಿ ಮುಗಿಸಿದವರು, ಮಂಜೂರಾದ ಶಾಲೆಯಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಹೊಂದಬಹುದು. ಡ್ರೋನಿನ ಬೆಲೆಯನ್ನೂ ದುರಸ್ತಿಯ ಖರ್ಚನ್ನೂ ಒಬ್ಬರೇ ಹೊರುವುದು ಕಷ್ಟವಾದುದರಿಂದ, ಸಹಕಾರ ಸಂಘದ ಅಥವಾ ಸ್ತ್ರೀಶಕ್ತಿ ಗುಂಪಿನ ಮೂಲಕ ಪ್ರಯತ್ನಿಸುವುದು ಉಚಿತ.

ಆರಂಭಿಸತಕ್ಕ ಕಾಲ.—ಹೊಸಬರಿಗೆ ಫೆಬ್ರವರಿಯಿಂದ ಮೇ ವರೆಗಿನ ತಿಂಗಳುಗಳು ಪ್ರಶಸ್ತವಾದುವು. ಆಗ ಆಕಾಶವು ಬಹುಮಟ್ಟಿಗೆ ನಿರ್ಮಲವಾಗಿರುವುದರಿಂದ ಚಿತ್ರಗಳು ಸ್ವಚ್ಛವಾಗಿ ಬರುವುವು. ಖುಷ್ಕಿ ಹೊಲಗಳಲ್ಲಿ ಪೈರಿಲ್ಲದಿರುವುದರಿಂದ ಬದುಗಳೂ ಬಾಂದು ಕಲ್ಲುಗಳೂ ಎದ್ದು ಕಾಣುವುವು. ಕಾಲೇಜಿನ ಪರೀಕ್ಷೆಗಳೂ ಮುಗಿಯುತ್ತ ಬಂದಿರುವುವು. ಈ ಅವಧಿಯಲ್ಲಿ ಗ್ರಾಮನಕ್ಷೆಯನ್ನು ಕೂಡಿಸಿ ಸರ್ವೆ ನಂಬರುಗಳ ಗೆರೆಗಳನ್ನು ಮುಗಿಸಿಟ್ಟುಕೊಂಡರೆ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಬಿತ್ತನೆಯಾದ ಬೆಳೆಗಳನ್ನು ಹೊಲ ಹೊಲಕ್ಕೂ ನಡೆದು ಬರೆದುಕೊಳ್ಳಬಹುದು. ಅಕ್ಕಡಿ ಸಾಲಿನ ಬೆಳೆಗಳಿಗೆ ಪಟ್ಟಿಯಲ್ಲಿ ಬೇರೆ ಕಲಮನ್ನೇ ಇಡುವುದು ಮರೆಯಬಾರದು. ಅಕ್ಟೋಬರಿನಲ್ಲಿ ಮೋಡ ಸರಿದ ಮೇಲೆ, ರಾಗಿಯು ತೆನೆ ಕಟ್ಟುವ ವೇಳೆಗೆ, ಮೊದಲ ಚಿತ್ರವನ್ನು ಇಳಿಸಿಕೊಂಡು ಹಸುರಿನ ಸೂಚ್ಯಂಕವನ್ನು ತನ್ನ ಪಟ್ಟಿಯೊಡನೆ ಸಾಲು ಸಾಲಾಗಿ ಹೋಲಿಸಬಹುದು. ಉದ್ಯೋಗಕ್ಕೆ ಅರ್ಜಿ ಹಾಕುವಾಗ ಪ್ರಮಾಣಪತ್ರಗಳೊಡನೆ ಈ ಒಂದು ಗ್ರಾಮದ ಕಡತವನ್ನೂ, ನಕ್ಷೆಯು ಎಷ್ಟು ಹೊಲಗಳಲ್ಲಿ ತಪ್ಪಿತೆಂಬ ಲೆಕ್ಕವನ್ನೂ ಲಗತ್ತಿಸುವುದು ಒಳ್ಳೆಯದು.